‘ಅಡುಗೆ ಮಾಡುವವರು’ ಅಂದ್ರೆ ಅಮ್ಮ ಅಂತಲೇ ಬರೀಬೇಕಾ? ಎರಡನೇ ಕ್ಲಾಸಿನ ವರ್ಕ್‌ಬುಕ್ ಬಗ್ಗೆ

ಕಟಪಾಡಿ_ಅಮ್ಮ
ನಮಸ್ಕಾರ ಎಲ್ಲರಿಗೂ. ಒಂದು ವಿಷಯ ಕೇಳಬೇಕಿತ್ತು. ಮಗಳು ಎರಡನೇ ಕ್ಲಾಸು, ಪ್ರೈವೇಟ್ ಶಾಲೆ. ಪರಿಸರ ಅಧ್ಯಯನಕ್ಕೆ ಶಾಲೆಯವರೇ ಒಂದು ವರ್ಕ್‌ಬುಕ್ ಕೊಟ್ಟಿದ್ದಾರೆ. ಅದರಲ್ಲಿ ಕುಟುಂಬದ ಪಾಠಕ್ಕೆ ಹೊಂದಿಸಿ ಬರೆಯಿರಿ ಇದೆ. ಎಡಗಡೆ ‘ಅಡುಗೆ ಮಾಡುವವರು’, ‘ಆಫೀಸಿಗೆ ಹೋಗುವವರು’, ‘ಕಥೆ ಹೇಳುವವರು’, ‘ಪೇಪರ್ ಓದುವವರು’. ಬಲಗಡೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಇವಳು ಅಡುಗೆಯಿಂದ ಅಪ್ಪನಿಗೆ ಗೆರೆ ಎಳೆದಿದ್ದಾಳೆ, ಆಫೀಸಿನಿಂದ ನನಗೆ. ಎರಡಕ್ಕೂ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ‘ಸರಿ’ ಗೆರೆಯನ್ನೂ ಎಳೆದು ಕೊಟ್ಟಿದ್ದಾರೆ.

ನಮ್ಮ ಮನೆಯವರು ಕೇಟರಿಂಗ್‌ನಲ್ಲಿ ಅಡುಗೆ ಕೆಲಸ ಮಾಡುವವರು. ಮದುವೆ ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆಗೆಲ್ಲ ಎದ್ದು ಹೋಗುತ್ತಾರೆ. ಸೀಸನ್ ಇಲ್ಲದಾಗ ಮನೆಯ ಅಡುಗೆಯೂ ಅವರದ್ದೇ. ಅವರ ಸಾರಿನ ಹದ ನನಗೆ ಇವತ್ತಿಗೂ ಬಂದಿಲ್ಲ. ನಾನು ಸೊಸೈಟಿಯಲ್ಲಿ ಕ್ಲರ್ಕ್. ಮಗು ಕಂಡದ್ದನ್ನೇ ಬರೆದದ್ದು ಅಲ್ವಾ?

ಮಾರ್ಕು ಹೋಯಿತು ಅಂತ ಬೇಸರ ಇಲ್ಲ. ಮರುದಿನ ಸುಮ್ನೆ ಕೇಳಿದೆ, ಅಡುಗೆ ಮಾಡುವುದು ಯಾರು ಅಂತ. ‘ಮನೆಯಲ್ಲಿ ಅಪ್ಪ, ಪರೀಕ್ಷೆಗೆ ಅಮ್ಮ’ ಅಂದಳು. ಶಾಲೆಗೆ ಹೋಗಿ ಮಾತಾಡುವುದಾ, ಬೇಡವಾ? ಮಾತಾಡಿದರೆ ಟೀಚರ್ ಮಗುವಿನ ಮೇಲೆ ಸಿಟ್ಟು ಇಟ್ಟುಕೊಂಡರೆ ಅಂತ ಒಂದು ಹೆದರಿಕೆ.

ಬಂದರ್_ಬಾಯ್
ಅಕ್ಕಾ, ಎರಡು ಗೆರೆಗೆ ಇಷ್ಟುದ್ದ ಬರೆದಿದ್ದೀರಲ್ಲ. ನಾವೆಲ್ಲ ‘ಕಮಲ ಅಡುಗೆ ಮಾಡಿದಳು, ರಾಮ ಶಾಲೆಗೆ ಹೋದನು’ ಅಂತ ಓದಿಯೇ ದೊಡ್ಡವರಾದದ್ದು. ಏನಾಯಿತು ನಮಗೆ?

ಮಣಿಪಾಲ_ಅಪ್ಪ
ಏನಾಯಿತು ಅಂತ ನಿಮ್ಮ ಹೆಂಡತಿ ಹತ್ತಿರ ಕೇಳಿ ನೋಡಿ ಮಾರಾಯ್ರೆ.

ಬಂದರ್_ಬಾಯ್
ಮದುವೆ ಆಗಿಲ್ಲ ನನಗೆ. ಅಮ್ಮನ ಹತ್ತಿರ ಕೇಳುತ್ತೇನೆ, ಅವರು ಅಡುಗೆಮನೆಯಲ್ಲಿ ಇದ್ದಾರೆ.

ನಲಿಕಲಿ_ಟೀಚರ್
ಅಕ್ಕ, ನಾನು ಬಂಟ್ವಾಳ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. ಒಂದು ವಿಷಯ ಮೊದಲೇ ಹೇಳುತ್ತೇನೆ. ಸರ್ಕಾರದ ಪಠ್ಯಪುಸ್ತಕ ಬೇರೆ, ಪ್ರೈವೇಟ್ ಪ್ರಕಾಶಕರ ವರ್ಕ್‌ಬುಕ್ ಬೇರೆ. ಸರ್ಕಾರದ ಪುಸ್ತಕಕ್ಕೆ ಒಂದು ಸಮಿತಿ ಅಂತ ಇರುತ್ತದೆ, ಯಾರಾದರೂ ಕೂತು ನೋಡುತ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಹೆಣ್ಣುಮಕ್ಕಳ ಸಮಾನತೆಗೆ ಪಠ್ಯಕ್ರಮ, ಪಠ್ಯಪುಸ್ತಕ ಹೊಸದಾಗಿ ಮಾಡಬೇಕು ಅಂತ ಬರೆದಿದ್ದಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಾಡುವಾಗ ಇದೇ ವಿಷಯಕ್ಕೆ ಬೇರೆಯೇ ಒಂದು ತಂಡ ಕೂತು ವರದಿ ಕೊಟ್ಟಿತ್ತು. ಹಾಗಾಗಿ ನಾನು ಕೆಲಸಕ್ಕೆ ಸೇರಿದ ಕಾಲದ ಪುಸ್ತಕಕ್ಕೂ ಈಗಿನದ್ದಕ್ಕೂ ವ್ಯತ್ಯಾಸ ಇದೆ. ಸೈಕಲ್ ಬಿಡುವ ಹುಡುಗಿ, ಡಾಕ್ಟರ್ ಹೆಂಗಸು ಎಲ್ಲ ಬಂದಿದ್ದಾರೆ.

ಆದರೆ ವರ್ಕ್‌ಬುಕ್, ಗೈಡು, ಪ್ರಶ್ನೆಪತ್ರಿಕೆ ಯಾರೂ ನೋಡುವುದಿಲ್ಲ. ಹಳೇದನ್ನು ನೋಡಿ ಹೊಸದು, ಅದನ್ನು ನೋಡಿ ಇನ್ನೊಂದು. ಚಿತ್ರ ಬರೆಯುವವರಿಗೆ ‘ಒಂದು ಮನೆ’ ಅಂತ ಹೇಳಿದರೆ ಸಾಕು, ಕುರ್ಚಿಯಲ್ಲಿ ಅಪ್ಪ, ಕೈಯಲ್ಲಿ ಪೇಪರ್, ಒಲೆ ಹತ್ತಿರ ಅಮ್ಮ, ನೆಲದಲ್ಲಿ ಅಜ್ಜಿ. ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ಕೈಗೆ ರೂಢಿಯಾಗಿಬಿಟ್ಟಿದೆ. ನಿಮ್ಮ ಟೀಚರೂ ಅಷ್ಟೇ. ಮುಂದೆ ರಾಶಿ ಪುಸ್ತಕ, ಪಕ್ಕದಲ್ಲಿ ಕೀ ಉತ್ತರ. ಕೀಯಲ್ಲಿ ಅಮ್ಮ ಅಂತ ಇದ್ದರೆ ಅಮ್ಮ.

ನನಗೆ ಚಿತ್ರಕ್ಕಿಂತ ಆ ಕೀ ಉತ್ತರವೇ ದೊಡ್ಡ ತೊಂದರೆ ಅನಿಸುತ್ತದೆ. ಚಿತ್ರವನ್ನು ಮಗು ನೋಡಿ ಪುಟ ತಿರುಗಿಸಬಹುದು. ಉತ್ತರ ಹಾಗಲ್ಲ, ಬಾಯಿಪಾಠ ಮಾಡಿ ಬರೀಬೇಕು. ಅದರಲ್ಲೂ ನಮ್ಮ ಎರಡು ಜಿಲ್ಲೆಯಲ್ಲಿ ಮಾರ್ಕು ಅಂದ್ರೆ ಗೊತ್ತಲ್ಲ. 2024ರ ಎಸ್‌ಎಸ್‌ಎಲ್‌ಸಿಗೆ ಉಡುಪಿ ಫಸ್ಟು, 2025ಕ್ಕೆ ದಕ್ಷಿಣ ಕನ್ನಡ ಫಸ್ಟು. ಎರಡನೇ ಕ್ಲಾಸಿನಿಂದಲೇ ಅದಕ್ಕೆ ತಯಾರಿ. ಪುಸ್ತಕದಲ್ಲಿ ಇದ್ದದ್ದನ್ನು ಹಾಗೆಯೇ ಬರೆಯುವ ಮಗು ಇಲ್ಲಿ ಜಾಣ ಮಗು.

ಮಣಿಪಾಲ_ಅಪ್ಪ
ಕಟಪಾಡಿ ಅಕ್ಕ, ನೀವು ಹೋಗಿ ಮಾತಾಡಿ. ಜಗಳಕ್ಕೆ ಅಲ್ಲ. ‘ಇವರಪ್ಪ ಅಡುಗೆಯವರು, ಮಗು ಬರೆದದ್ದು ಸರಿಯೇ ಅಲ್ವಾ ಟೀಚರ್’ ಅಂತ ಅಷ್ಟೇ ಹೇಳಿ. ಇಡೀ ದೇಶದಲ್ಲಿ ಉಡುಪಿ ಹೋಟೆಲ್ ಅಂತ ಹೆಸರು ಇರುವುದು ಯಾರ ಅಡುಗೆಯಿಂದ? ಒಳಗೆ ಒಲೆ ಮುಂದೆ ನಿಂತವರೆಲ್ಲ ಗಂಡಸರು. ಮಠದ ಊಟ, ದೇವಸ್ಥಾನದ ಅನ್ನಸಂತರ್ಪಣೆ, ಮದುವೆ ಮನೆ, ಎಲ್ಲ ಕಡೆ ಅಡುಗೆ ಭಟ್ಟರು. ಅದೇ ಊರಿನ ಮಗುವಿಗೆ ‘ಅಡುಗೆ ಮಾಡುವುದು ಅಪ್ಪ’ ಅಂತ ಬರೆದರೆ ತಪ್ಪು!

ಬಂದರ್_ಬಾಯ್
ಅದು ಸಂಬಳಕ್ಕೆ ಮಾಡುವ ಅಡುಗೆ ಸರ್. ಸಂಬಳ ಇದ್ದರೆ ಭಟ್ರು, ಇಲ್ಲದಿದ್ದರೆ ಅಮ್ಮ. ಪುಸ್ತಕದಲ್ಲಿ ಇರುವುದು ಮನೆ ಅಡುಗೆ, ಅದನ್ನು ಮಾಡುವುದು ನೂರರಲ್ಲಿ ತೊಂಬತ್ತು ಮನೆಯಲ್ಲಿ ಹೆಂಗಸರೇ. ಹಾಗಾದರೆ ಪುಸ್ತಕ ಸುಳ್ಳು ಹೇಳಬೇಕಾ? ನನಗೆ ನಿಜವಾಗಿ ಅರ್ಥ ಆಗುವುದಿಲ್ಲ, ತಮಾಷೆಗೆ ಕೇಳಿದ್ದಲ್ಲ.

ಕೊಣಾಜೆ_ಎಂಎಸ್ಸಿ
ಒಳ್ಳೆಯ ಪ್ರಶ್ನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. 2019ರಲ್ಲಿ 299 ಮತ್ತು 97 ಇತ್ತು. ಅಂದ್ರೆ ಹೆಂಗಸರದ್ದು 10 ನಿಮಿಷ ಕಮ್ಮಿ ಆಯಿತು, ಗಂಡಸರದ್ದೂ 9 ನಿಮಿಷ ಕಮ್ಮಿ ಆಯಿತು. ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಲಾಭ ಯಾರಿಗೆ ಹೋಯಿತು ನೀವೇ ನೋಡಿ.

ಪುಸ್ತಕ ಇದನ್ನು ಮುಚ್ಚಿಡಬೇಕು ಅಂತ ನಾನೂ ಹೇಳುವುದಿಲ್ಲ. ‘ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?’ ಅಂತ ಕೇಳಲಿ. ಹತ್ತು ಮಕ್ಕಳು ಅಮ್ಮ ಅಂತಾರೆ, ಒಬ್ಬಳು ಅಪ್ಪ ಅಂತಾಳೆ, ಒಬ್ಬ ಅಜ್ಜಿ ಅಂತಾನೆ. ಎಲ್ಲವೂ ಸರಿ. ಹೊಂದಿಸಿ ಬರೆಯಿರಿ ಮಾಡಿದ ಕೂಡಲೇ ಅದು ಸುದ್ದಿ ಅಲ್ಲ, ನಿಯಮ ಆಗುತ್ತದೆ.

ಮಲ್ಪೆ_ಮೇಷ್ಟ್ರು
ನಾನು ರಿಟೈರ್ಡ್ ಹೆಡ್‌ಮಾಸ್ಟರ್. ಬಂದರಿನ ಹುಡುಗನಿಗೆ ಒಂದು ಮಾತು. ಪುಸ್ತಕ ಇದ್ದದ್ದನ್ನೇ ಹೇಳುತ್ತದೆ ಅಂದೆಯಲ್ಲ, ಅದು ಯಾವ ಊರಲ್ಲಿ ಇದ್ದದ್ದು ಮಾರಾಯ? ‘ನಮ್ಮ ಸಹಾಯಕರು’ ಪಾಠ ತೆಗೆದರೆ ಮೀನುಗಾರ ಅಂತ ಒಬ್ಬ ಗಂಡಸು ದೋಣಿಯಲ್ಲಿ ಬಲೆ ಹಿಡಿದುಕೊಂಡು ನಿಂತಿರುತ್ತಾನೆ. ಸರಿ, ಮೀನು ಹಿಡಿದ. ಆ ಮೀನು ದುಡ್ಡು ಆದದ್ದು ಹೇಗೆ? ನನ್ನ ಅಮ್ಮ ತಲೆ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ನಡೆದು ಮಾರಿದವರು. ಬಂಗುಡೆ ಎಷ್ಟಕ್ಕೆ ಹಿಡಿದದ್ದು, ಎಷ್ಟಕ್ಕೆ ಕೊಟ್ಟದ್ದು, ಯಾವ ಮನೆಯವರ ಬಾಕಿ ಎಷ್ಟು, ಎಲ್ಲ ಬಾಯಲ್ಲೇ ಲೆಕ್ಕ. ಒಂದು ಅಕ್ಷರ ಬರುತ್ತಿರಲಿಲ್ಲ. ಇವತ್ತಿಗೂ ಮೀನು ಮಾರ್ಕೆಟ್ಟಿಗೆ ಹೋಗು, ತಕ್ಕಡಿ ಯಾರ ಕೈಯಲ್ಲಿ ಇದೆ ನೋಡು. ಪಾಠದಲ್ಲಿ ಅವರ ಚಿತ್ರ ಇಲ್ಲ.

ರೈತ ಅಂದ್ರೂ ಹಾಗೆಯೇ. ಪೇಟ ಕಟ್ಟಿದ ಗಂಡಸು, ಎತ್ತು, ನೇಗಿಲು. ನಮ್ಮ ಬೈಲಿನಲ್ಲಿ ಸೊಂಟ ಬಗ್ಗಿಸಿ ನೇಜಿ, ಅಂದ್ರೆ ಭತ್ತದ ಸಸಿ, ನೆಟ್ಟವರೆಲ್ಲ ಹೆಂಗಸರು. ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದವರು ಎಷ್ಟು ಮಂದಿ ಇದ್ದಾರೆ ಈ ಜಿಲ್ಲೆಯಲ್ಲಿ! ಪುಸ್ತಕದ ಆ ಅಮ್ಮ, ಬೆಳಗ್ಗೆ ತಲೆ ಬಾಚಿ ಸೀರೆ ಉಟ್ಟು ನಗುತ್ತಾ ದೋಸೆ ಎರೆಯುವವಳು, ಅವಳನ್ನು ನಾನು ನಮ್ಮ ಊರಲ್ಲಿ ನೋಡಿಲ್ಲ.

ಇನ್ನೊಂದು. ವಂಶವೃಕ್ಷ ಬರೆಯುವ ಅಭ್ಯಾಸ ಇರುತ್ತದೆ. ಮೇಲೆ ಅಪ್ಪನ ಅಪ್ಪ, ಕೆಳಗೆ ಅಪ್ಪ, ಅದರ ಕೆಳಗೆ ನಾನು. ಅಳಿಯಕಟ್ಟಿನ ಮನೆಯ ಮಕ್ಕಳಿಗೆ ಕುಟುಂಬ ಅಂದ್ರೆ ಅಮ್ಮನ ಕಡೆ. ಬರಿ, ಅಂದ್ರೆ ವಂಶದ ಹೆಸರು, ಬರುವುದು ಅಮ್ಮನಿಂದ. ಕುಟುಂಬದ ಮನೆ, ದೈವದ ಕೋಲ, ಎಲ್ಲ ಆ ಕಡೆಯದ್ದು. ಒಬ್ಬ ಹುಡುಗ ದೊಡ್ಡಮಾವನ ಹೆಸರನ್ನು ಎಲ್ಲಿ ಬರೆಯುವುದು ಅಂತ ಕೇಳಿದ. ಆ ಮರದಲ್ಲಿ ಅವನ ಮಾವನಿಗೆ ಕೊಂಬೆಯೇ ಇರಲಿಲ್ಲ. ಪುಟದ ಬದಿಯಲ್ಲಿ ಬರೆಸಿದೆ.

ಬಂದರ್_ಬಾಯ್
ಮೇಷ್ಟ್ರೇ, ಅಳಿಯಕಟ್ಟು ಇದ್ದ ಮನೆಯಲ್ಲೂ ಊಟಕ್ಕೆ ಮೊದಲು ಕೂರುತ್ತಿದ್ದದ್ದು ಗಂಡಸರೇ.

ಮಲ್ಪೆ_ಮೇಷ್ಟ್ರು
ಹೌದು. ಅದನ್ನು ಅಲ್ಲ ಅಂದವರು ಯಾರು. ನಮ್ಮಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳಿಲ್ಲ. ನಮ್ಮಲ್ಲಿ ಇದ್ದದ್ದು ಬೇರೆ, ಪುಸ್ತಕದಲ್ಲಿ ಇರುವುದು ಬೇರೆ ಅಂದೆ.

ಕಟಪಾಡಿ_ಅಮ್ಮ
ಮೇಷ್ಟ್ರು ಹೇಳಿದ್ದು ಓದಿ ನೆನಪಾಯಿತು. ಅದೇ ವರ್ಕ್‌ಬುಕ್‌ನಲ್ಲಿ ‘ಕುಟುಂಬದ ಯಜಮಾನ ಯಾರು?’ ಅಂತಲೂ ಇದೆ. ಉತ್ತರ ತಂದೆ. ನಮ್ಮ ಸೊಸೈಟಿಯಲ್ಲೇ ರೇಷನ್ ಕೊಡುವುದು, ದಿನಾ ಕಾರ್ಡ್ ನೋಡುವವಳು ನಾನು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಂಗಸು, 18 ವರ್ಷ ಮೇಲ್ಪಟ್ಟವರು ಇದ್ದರೆ, ಕಾರ್ಡಿಗೆ ಅವರೇ ಯಜಮಾನಿ. ಗೃಹಲಕ್ಷ್ಮಿ ದುಡ್ಡು 2000 ರೂಪಾಯಿ ಬರುವುದೂ ಯಜಮಾನಿಯ ಅಕೌಂಟಿಗೆ. ಕಾನೂನಿನಲ್ಲಿ ಅಮ್ಮ ಯಜಮಾನಿ, ಎರಡನೇ ಕ್ಲಾಸಿನಲ್ಲಿ ಅಪ್ಪ ಯಜಮಾನ. ಯಾವುದನ್ನು ಬರೆಸಲಿ ಮಗಳ ಕೈಯಲ್ಲಿ?

ಮಣಿಪಾಲ_ಅಪ್ಪ
ಇದು ಸೂಪರ್ ಪಾಯಿಂಟ್. ರೇಷನ್ ಕಾರ್ಡಿನ ಝೆರಾಕ್ಸ್ ಹಿಡಿದುಕೊಂಡು ಹೋಗಿ.

ಪುತ್ತೂರು_ಭಾವ
ಎಲ್ಲರೂ ಪರಿಸರ ಅಧ್ಯಯನ ಹಿಡಿದುಕೊಂಡಿದ್ದೀರಿ. ಗಣಿತ ನೋಡಿ. ಕಾಲ ಮತ್ತು ಕೆಲಸ ಅಂತ ಒಂದು ಲೆಕ್ಕ ಇರುತ್ತಿತ್ತು, ಬ್ಯಾಂಕ್ ಪರೀಕ್ಷೆಯ ಗೈಡುಗಳಲ್ಲಿ ಈಗಲೂ ಇದೆ. 4 ಗಂಡಸರು ಅಥವಾ 6 ಹೆಂಗಸರು ಒಂದು ಕೆಲಸವನ್ನು 12 ದಿನದಲ್ಲಿ ಮುಗಿಸಿದರೆ, 2 ಗಂಡಸರು 3 ಹೆಂಗಸರು ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಈ ಲೆಕ್ಕ ಬಿಡಿಸಬೇಕಾದರೆ ಒಬ್ಬ ಗಂಡಸು ಅಂದ್ರೆ ಒಂದೂವರೆ ಹೆಂಗಸು ಅಂತ ಮೊದಲು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಉತ್ತರವೇ ಬರುವುದಿಲ್ಲ.

ನಮ್ಮ ತೋಟದಲ್ಲಿ ಅಡಿಕೆ ಸುಲಿಯುವುದು ಕಿಲೋ ಲೆಕ್ಕ. ಅಲ್ಲಿ ಯಾರು ಜಾಸ್ತಿ ಸುಲಿದರು ಅಂತ ತಕ್ಕಡಿ ಹೇಳುತ್ತದೆ, ಹೆಚ್ಚಿನ ದಿನ ಹೆಂಗಸರೇ ಮುಂದೆ. ಅದೇ ದಿನಗೂಲಿ ಕೆಲಸ ಬಂದ ಕೂಡಲೇ, ಗೊಬ್ಬರ ಹೊರುವುದೋ ಸೋಗೆ ಹೆಕ್ಕುವುದೋ, ಅವರ ಸಂಬಳ ಗಂಡಸರಿಗಿಂತ ಕಮ್ಮಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಯಾಕೆ ಕಮ್ಮಿ ಅಂತ ಯಾರನ್ನು ಕೇಳಿದರೂ ‘ಮೊದಲಿಂದ ಹಾಗೆಯೇ’ ಅಂತಾರೆ. ಶಾಲೆಯಲ್ಲಿ ಅದೇ ರೇಟಿನಲ್ಲಿ ಲೆಕ್ಕ ಮಾಡಿ ಕಲಿತವರಲ್ವಾ ನಾವು.

ಬಂದರ್_ಬಾಯ್
ಉತ್ತರ 12 ದಿನ. ನನಗೆ ಇದರಲ್ಲಿ ಇಷ್ಟು ದಿನ ಏನೂ ಕಂಡಿರಲಿಲ್ಲ. ಈಗ ನೀವು ಹೇಳಿದ ಮೇಲೆ ಕಿರಿಕಿರಿ ಆಗುತ್ತಿದೆ.

ನಲಿಕಲಿ_ಟೀಚರ್
ಗಣಿತದಲ್ಲಿ ದುಡ್ಡಿನ ಲೆಕ್ಕವೂ ನೋಡಿ ಭಾವ. ರಾಜು ಬ್ಯಾಂಕಿನಲ್ಲಿ ಠೇವಣಿ ಇಡುತ್ತಾನೆ, ಗೀತಾ ಬಳೆ ಕೊಳ್ಳುತ್ತಾಳೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ ಬ್ಯಾಂಕ್ ಎಲ್ಲ ಹುಟ್ಟಿದ್ದು ನಮ್ಮ ಈ ಎರಡು ಜಿಲ್ಲೆಯಲ್ಲೇ. ಪ್ರತಿ ಊರಿನ ಸ್ವಸಹಾಯ ಸಂಘದಲ್ಲಿ ಸಾಲ, ಬಡ್ಡಿ, ಕಂತು ಎಲ್ಲ ಬರೆದಿಡುವವರು ಹೆಂಗಸರು. ನಮ್ಮ ಶಾಲೆಯ ಮಕ್ಕಳ ಅಮ್ಮಂದಿರಿಗೆ ಬಡ್ಡಿ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ. ನಾನು ಬೋರ್ಡಿನ ಮೇಲೆ ಬರೆಯುವಾಗ ಹೆಸರು ಅದಲುಬದಲು ಮಾಡಿಬಿಡುತ್ತೇನೆ. ರಾಜು ಬಳೆ ಕೊಳ್ಳಲಿ, ತಂಗಿಗೆ. ಮಕ್ಕಳು ನಗುತ್ತಾರೆ. ಯಾಕೆ ನಗು ಬಂತು ಅಂತ ಕೇಳಿದರೆ ಹೇಳಲು ಬರುವುದಿಲ್ಲ ಅವರಿಗೆ.

ಕಾಸ್ರೋಡು_ಕನ್ನಡಿಗ
ನಾವು ಗಡಿ ಈಚೆಗೆ. ನಮ್ಮ ಕನ್ನಡ ಮೀಡಿಯಂ ಶಾಲೆಗಳಿಗೂ ಕೇರಳದ ಸಿಲೆಬಸ್ಸೇ. 2024ರಲ್ಲಿ ಕೇರಳದ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಅಡುಗೆಮನೆ ಚಿತ್ರ ಬಂತು, ಅದರಲ್ಲಿ ಅಪ್ಪ ನೆಲದಲ್ಲಿ ಕೂತು ಕಾಯಿ ಹೆರೆಯುತ್ತಾ ಇದ್ದಾರೆ. ಎಲ್ಲರ ಮೊಬೈಲಿನಲ್ಲೂ ಓಡಾಡಿತು ಆ ಚಿತ್ರ. ಅದಕ್ಕೂ ಮೊದಲು, 2019ರಲ್ಲಿ, ಮಹಾರಾಷ್ಟ್ರದ ಬಾಲಭಾರತಿಯವರು ಎರಡನೇ ಕ್ಲಾಸಿನ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರೂ ಕೂತು ತರಕಾರಿ ಸರಿ ಮಾಡುವ ಚಿತ್ರ ಹಾಕಿದ್ದರು. ಮನಸ್ಸು ಮಾಡಿದರೆ ಆಗುತ್ತದೆ.

ಬಂದರ್_ಬಾಯ್
ಶೇರ್ ಮಾಡಿದವರು ಎಲ್ಲರೂ. ಹೆರೆಮಣೆ ಮೇಲೆ ಕೂತವರು ಯಾರು?

ಕಾಸ್ರೋಡು_ಕನ್ನಡಿಗ
ನಾನು ಕೂತೆ ಮಾರಾಯ್ರೆ. ಮಗ ಪುಸ್ತಕ ತಂದು ತೋರಿಸಿ ‘ನೀವ್ಯಾಕೆ ಮಾಡುವುದಿಲ್ಲ’ ಅಂತ ಕೇಳಿದ. ಹೆಂಡತಿ ಎದುರೇ ಇದ್ದಳು, ತಪ್ಪಿಸಿಕೊಳ್ಳಲು ಆಗಲಿಲ್ಲ. ಬೆರಳು ಸ್ವಲ್ಪ ಕೆತ್ತಿ ಹೋಯಿತು, ಈಗ ಅಭ್ಯಾಸ ಆಗಿದೆ.

ಕೊಣಾಜೆ_ಎಂಎಸ್ಸಿ
ಚಿತ್ರದಿಂದ ಏನಾಗುತ್ತದೆ ಅಂತ ಕೇಳುವವರಿಗೆ ನನಗೆ ಗೊತ್ತಿರುವ ಎರಡು ಮೂರು ಅಧ್ಯಯನ ಹೇಳುತ್ತೇನೆ. ಎಲ್ಲ ಹೊರದೇಶದ್ದು, ನಮ್ಮ ಮಕ್ಕಳಿಗೆ ಹಾಗೆಯೇ ಅನ್ವಯಿಸಿ ಅಂತ ಅಲ್ಲ.

ಹಳೇದು, ವಿಜ್ಞಾನಿಯ ಚಿತ್ರ ಬರೆಯಿರಿ ಅಂತ ಮಕ್ಕಳಿಗೆ ಹೇಳುವ ಪರೀಕ್ಷೆ. 1983ರಲ್ಲಿ ಚೇಂಬರ್ಸ್ ಅನ್ನುವವರು ಫಲಿತಾಂಶ ಪ್ರಕಟಿಸಿದರು. 4807 ಮಕ್ಕಳ ಚಿತ್ರದಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ. ಆ 28ನ್ನೂ ಬರೆದವರು ಹುಡುಗಿಯರು, ಹುಡುಗರಲ್ಲಿ ಒಬ್ಬನೂ ಇಲ್ಲ. ಆಮೇಲೆ ಅಮೆರಿಕದಲ್ಲಿ ಮಕ್ಕಳ ಪುಸ್ತಕ, ಪತ್ರಿಕೆ, ಟಿವಿಯಲ್ಲಿ ಹೆಣ್ಣು ವಿಜ್ಞಾನಿಗಳು ಕಾಣಿಸಿಕೊಳ್ಳುತ್ತಾ ಬಂದರು, ಪ್ರಯೋಗಾಲಯಗಳಲ್ಲೂ ಜಾಸ್ತಿ ಆದರು. 2018ರಲ್ಲಿ ಅಲ್ಲಿನ ಇಂಥ ಎಲ್ಲ ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ಈಚಿನ ವರ್ಷಗಳಲ್ಲಿ ಸುಮಾರು ಮೂರರಲ್ಲಿ ಒಂದು ಚಿತ್ರ ಹೆಣ್ಣು ವಿಜ್ಞಾನಿಯದ್ದು. ಪುಸ್ತಕ ಒಂದರಿಂದಲೇ ಅಂತ ಹೇಳಲಾಗದು, ಆದರೆ ಮಗು ಕಂಡದ್ದನ್ನೇ ಬರೆಯುತ್ತದೆ ಅನ್ನುವುದು ನಿಜ.

ನನಗೆ ಜಾಸ್ತಿ ಬೇಜಾರಾದದ್ದು 2017ರದ್ದು. ಒಬ್ಬ ‘ತುಂಬಾ ತುಂಬಾ ಬುದ್ಧಿವಂತ’ ವ್ಯಕ್ತಿಯ ಕಥೆ ಹೇಳಿ, ಅದು ಯಾರು ಇರಬಹುದು ಅಂತ ಫೋಟೋ ತೋರಿಸಿ ಕೇಳಿದರು. ಐದು ವರ್ಷದ ಹುಡುಗಿಯರು ಹೆಂಗಸನ್ನೇ ಆರಿಸಿದರು, ಹುಡುಗರು ಗಂಡಸನ್ನು. ಆರೇಳು ವರ್ಷ ಆಗುವಾಗ ಹುಡುಗಿಯರು ಹೆಂಗಸನ್ನು ಆರಿಸುವುದು ಕಮ್ಮಿ ಆಯಿತು. ‘ಇದು ಬುದ್ಧಿವಂತರ ಆಟ’ ಅಂದರೆ ಹಿಂದೆ ಸರಿಯಲು ಶುರು ಮಾಡಿದರು. ಅದೇ ಹುಡುಗಿಯರಿಗೆ ಶಾಲೆಯಲ್ಲಿ ಯಾರಿಗೆ ಒಳ್ಳೆ ಮಾರ್ಕು ಅಂತ ಕೇಳಿದರೆ, ಹುಡುಗಿಯರಿಗೆ ಅಂತಲೇ ಹೇಳಿದ್ದಾರೆ. ಮಾರ್ಕು ನಮಗೆ, ಬುದ್ಧಿ ಅವರಿಗೆ! ನಮ್ಮ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಾಗ ‘ಹುಡುಗಿಯರು ಓದಿ ಓದಿ ತೆಗೆಯುತ್ತಾರೆ, ಹುಡುಗರಿಗೆ ತಲೆ ಇದೆ, ಓದುವುದಿಲ್ಲ ಅಷ್ಟೇ’ ಅಂತ ಹೇಳುವವರು ಯಾರ ಮನೆಯಲ್ಲಿ ಇಲ್ಲ ಹೇಳಿ?

ಮಣಿಪಾಲ_ಅಪ್ಪ
ನಮ್ಮ ಮನೆಯಲ್ಲಿ ನನ್ನ ಅತ್ತೆಯೇ ಹೇಳುವುದು.

ಹುಡುಗರ ಬಗ್ಗೆಯೂ ಮಾತಾಡಿ. ನನ್ನ ಮಗ ಭರತನಾಟ್ಯ ಕಲಿಯುತ್ತಾನೆ, ನಾಲ್ಕನೇ ಕ್ಲಾಸು. ಇಂಗ್ಲಿಷ್ ಪುಸ್ತಕದ ಹವ್ಯಾಸಗಳ ಪಾಠದಲ್ಲಿ ಡಾನ್ಸ್ ಅಂದ್ರೆ ಹುಡುಗಿ, ಕ್ರಿಕೆಟ್ ಅಂದ್ರೆ ಹುಡುಗ. ಅವತ್ತು ಕ್ಲಾಸಿನಲ್ಲಿ ಇವನಿಗೆ ಹೊಸ ಹೆಸರು ಇಟ್ಟರು, ಇಲ್ಲಿ ಬರೆಯುವುದಿಲ್ಲ. ಗೆಜ್ಜೆ ಬ್ಯಾಗಿನಲ್ಲಿ ಇಟ್ಟುಕೊಳ್ಳಲು ಈಗ ನಾಚಿಕೆ ಅವನಿಗೆ, ನಾನೇ ಕ್ಲಾಸಿಗೆ ಕೊಂಡುಹೋಗಿ ಕೊಡುತ್ತೇನೆ. ಯಕ್ಷಗಾನದ ಸ್ತ್ರೀವೇಷಕ್ಕೆ ಬೆಳಗಿನ ಜಾವದವರೆಗೆ ಕೂತು ಚಪ್ಪಾಳೆ ಹೊಡೆದ ಊರು ಇದು. ದಮಯಂತಿ ಬಂದಾಗ ಕಣ್ಣೊರೆಸಿಕೊಂಡ ಗಂಡಸರನ್ನು ನಾನೇ ನೋಡಿದ್ದೇನೆ. ಆ ವೇಷ ಕಟ್ಟಿದವರೂ ಗಂಡಸರೇ ಅಲ್ವಾ.

ಮಲ್ಪೆ_ಮೇಷ್ಟ್ರು
ಮಗನನ್ನು ಒಂದು ದಿನ ಯಕ್ಷಗಾನದ ಚೌಕಿಗೆ, ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋಗಿ. ಮೀಸೆ ಬೋಳಿಸಿ, ಬಣ್ಣ ಹಚ್ಚಿ, ಸೀರೆ ಉಟ್ಟು ರೆಡಿಯಾಗುವುದನ್ನು ನೋಡಲಿ. ನಾನು ಹೇಳುವುದಕ್ಕಿಂತ ಅದು ಒಳ್ಳೆಯದು.

ಪುತ್ತೂರು_ಭಾವ
ಇತಿಹಾಸದಲ್ಲಿ ರಾಣಿ ಅಬ್ಬಕ್ಕ, ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಎಲ್ಲ ಇದ್ದಾರಲ್ಲ, ಅದೂ ಲೆಕ್ಕಕ್ಕೆ ಬರಬೇಕು.

ಕೊಣಾಜೆ_ಎಂಎಸ್ಸಿ
ಬರಲಿ ಭಾವ. ಆದರೆ ಯುದ್ಧ ಬಂದರೆ ಮಾತ್ರ ಹೆಂಗಸು ಪುಸ್ತಕಕ್ಕೆ ಬರುವುದು. ಇಲ್ಲಾಂದ್ರೆ ತ್ಯಾಗ ಮಾಡಬೇಕು. ಓಬವ್ವನ ಕಥೆಯಲ್ಲೂ ನೋಡಿ, ಕಾವಲುಗಾರ ಊಟಕ್ಕೆ ಬಂದಿದ್ದ, ಅವಳು ನೀರು ತರಲು ಹೋಗಿದ್ದಳು. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ, 1903ರಲ್ಲಿ. 1926ರಲ್ಲೇ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತವರು. ಸ್ವಾತಂತ್ರ್ಯ ಬಂದ ಮೇಲೆ ದೇಶದ ಕರಕುಶಲ ಕೆಲಸಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಮಂಗಳೂರಿನ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು?

ಬಂದರ್_ಬಾಯ್
ನನಗೆ ಗೊತ್ತಿರಲಿಲ್ಲ, ನಾನೂ ಮಂಗಳೂರಿನವನೇ. ಸರಿ, ಆದರೆ ಒಂದು ವರ್ಕ್‌ಬುಕ್ ಬಗ್ಗೆ ಒಬ್ಬರು ಅಮ್ಮ ಹೋಗಿ ಮಾತಾಡಿದರೆ ಯಾರು ಕೇಳುತ್ತಾರೆ? 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆ ಅಂತ ಇಡೀ ರಾಜ್ಯದಲ್ಲಿ ಗಲಾಟೆ ಆಯಿತು, ಕೊನೆಗೆ ರಾಜಕೀಯ ಆಗಿ ಹೋಯಿತು.

ನಲಿಕಲಿ_ಟೀಚರ್
ಆ ಗಲಾಟೆ ಯಾರ ಪಾಠ ಒಳಗೆ, ಯಾರ ಪಾಠ ಹೊರಗೆ ಅನ್ನುವುದಕ್ಕೆ. ಅಡುಗೆಮನೆ ಚಿತ್ರದ ಬಗ್ಗೆ ಎರಡೂ ಪಕ್ಷದವರು ಮಾತಾಡಿದ್ದು ನಾನು ಕೇಳಿಲ್ಲ.

ಕೇಳುವುದಿಲ್ಲ ಅಂತ ಹೇಳಬೇಡಿ. 2015ರಲ್ಲಿ ಛತ್ತೀಸ್‌ಗಢದ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಹೆಂಗಸರು ಕೆಲಸಕ್ಕೆ ಬಂದದ್ದರಿಂದ ನಿರುದ್ಯೋಗ ಜಾಸ್ತಿ ಆಯಿತು ಅಂತ ಬರೆದಿತ್ತು. ಅದು ಹೊರಗೆ ಬಂದದ್ದು ಒಬ್ಬರು ಟೀಚರ್ ಅಲ್ಲಿನ ಮಹಿಳಾ ಆಯೋಗಕ್ಕೆ ದೂರು ಕೊಟ್ಟದ್ದರಿಂದ. 2021ರ ಡಿಸೆಂಬರ್‌ನಲ್ಲಿ ಸಿಬಿಎಸ್‌ಇ ಹತ್ತನೇ ಕ್ಲಾಸಿನ ಇಂಗ್ಲಿಷ್ ಪೇಪರಿನಲ್ಲಿ ಒಂದು ಗದ್ಯ ಕೊಟ್ಟಿದ್ದರು, ಹೆಂಡತಿಗೆ ಸ್ವಾತಂತ್ರ್ಯ ಬಂದು ಮಕ್ಕಳು ಮಾತು ಕೇಳುವುದು ಬಿಟ್ಟರು ಅನ್ನುವ ಅರ್ಥದ್ದು. ಲೋಕಸಭೆಯವರೆಗೆ ಹೋಯಿತು. ಬೋರ್ಡ್ ಆ ಗದ್ಯವನ್ನೇ ಕೈಬಿಟ್ಟು ಎಲ್ಲ ಮಕ್ಕಳಿಗೂ ಪೂರ್ತಿ ಮಾರ್ಕು ಕೊಟ್ಟಿತು. ಅಲ್ಲೂ ನೋಡಿ, ಆ ಗದ್ಯ ಒಪ್ಪದ ಹುಡುಗಿಯೂ ಪರೀಕ್ಷೆ ಹಾಲ್‌ನಲ್ಲಿ ಕೂತು ಅದಕ್ಕೆ ತಕ್ಕ ಉತ್ತರ ಬರೆಯಬೇಕಿತ್ತು. ಕಟಪಾಡಿ ಮಗು ಹೇಳಿದ್ದು ಅದನ್ನೇ ಅಲ್ವಾ, ಪರೀಕ್ಷೆಗೆ ಅಮ್ಮ.

ಕಟಪಾಡಿ_ಅಮ್ಮ
ಇವತ್ತು ಶಾಲೆಗೆ ಹೋಗಿ ಬಂದೆ. ಹೆದರಿದಷ್ಟು ಏನೂ ಆಗಲಿಲ್ಲ. ಟೀಚರ್ ಚಿಕ್ಕ ಪ್ರಾಯದವರು, ಕೇಳಿ ನಕ್ಕರು, ಆಮೇಲೆ ಪುಸ್ತಕ ತೆಗೆದುಕೊಂಡು ತಪ್ಪು ಹೊಡೆದು ಹಾಕಿ ಸರಿ ಹಾಕಿಕೊಟ್ಟರು. ಆದರೆ ಪರೀಕ್ಷೆ ಪೇಪರ್ ಪ್ರಕಾಶಕರ ಕಡೆಯಿಂದಲೇ ಬರುತ್ತದಂತೆ, ಅದಕ್ಕೆ ಕೀ ಕೂಡ ಅವರದ್ದೇ. ‘ಅದರಲ್ಲಿ ನಾನೇನೂ ಮಾಡುವ ಹಾಗಿಲ್ಲ, ಪರೀಕ್ಷೆಯಲ್ಲಿ ಮಾತ್ರ ಅಮ್ಮ ಅಂತ ಬರೆಯಲು ಹೇಳಿ’ ಅಂದರು. ಯಜಮಾನನ ಪ್ರಶ್ನೆಗೆ ರೇಷನ್ ಕಾರ್ಡ್ ತೋರಿಸಿದೆ. ಹೆಡ್‌ಮಿಸ್ಸಿಗೆ ತೋರಿಸುತ್ತೇನೆ ಅಂತ ಫೋಟೋ ತೆಗೆದುಕೊಂಡಿದ್ದಾರೆ. ಮುಂದಿನ ಪೋಷಕರ ಸಭೆಯಲ್ಲಿ ನಾನೂ, ಇನ್ನು ಕೆಲವರೂ ಸೇರಿ ಪ್ರಕಾಶಕರಿಗೆ ಒಂದು ಪತ್ರ ಕೊಡುವುದು ಅಂತ ಮಾತಾಡಿಕೊಂಡಿದ್ದೇವೆ.

ಮಲ್ಪೆ_ಮೇಷ್ಟ್ರು
ಪತ್ರ ಕರಡು ಮಾಡಿ ಇಲ್ಲಿ ಹಾಕಿ, ನಾನು ತಿದ್ದಿ ಕೊಡುತ್ತೇನೆ. ಪುಟ ಸಂಖ್ಯೆ, ಪ್ರಶ್ನೆ ಸಂಖ್ಯೆ ಬರೆಯಿರಿ. ಬದಲಿಗೆ ಯಾವ ಪ್ರಶ್ನೆ ಹಾಕಬಹುದು ಅಂತಲೂ ನೀವೇ ಬರೆದು ಕೊಡಿ. ‘ಬದಲಾಯಿಸಿ’ ಅಂತ ಮಾತ್ರ ಬರೆದರೆ ಫೈಲಿಗೆ ಹೋಗುತ್ತದೆ.

ಕೊಣಾಜೆ_ಎಂಎಸ್ಸಿ
ಸರ್ಕಾರದ ಪುಸ್ತಕಗಳದ್ದೂ ಮಾಡೋಣ್ವಾ? ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಲ್ಲ ಪಿಡಿಎಫ್ ಇದೆ. ಒಂದರಿಂದ ಐದನೇ ಕ್ಲಾಸಿನವರೆಗೆ ಕೂತು ಎಣಿಸುವುದು. ಯಾವ ಚಿತ್ರದಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು, ಯಾರು ಯಾವ ಕೆಲಸ ಮಾಡುತ್ತಿದ್ದಾರೆ, ಯಾರು ಸುಮ್ನೆ ನಿಂತು ನೋಡುತ್ತಿದ್ದಾರೆ. ನಾನು ಒಂದು ಎಕ್ಸೆಲ್ ಶೀಟ್ ಮಾಡಿ ಲಿಂಕ್ ಕೊಡುತ್ತೇನೆ. ಊಹೆಯಲ್ಲಿ ಮಾತಾಡುವುದಕ್ಕಿಂತ ಲೆಕ್ಕ ಇಟ್ಟು ಮಾತಾಡಬಹುದು.

ಪುತ್ತೂರು_ಭಾವ
ಗಣಿತ ನನಗೆ ಬಿಡಿ.

ನಲಿಕಲಿ_ಟೀಚರ್
ಒಂದು, ಎರಡು, ಮೂರು ನಾನು ಮಾಡುತ್ತೇನೆ, ಹೇಗೂ ದಿನಾ ಕೈಯಲ್ಲಿ ಇರುವ ಪುಸ್ತಕ. ಪರೀಕ್ಷೆ ಮುಗಿಯುವವರೆಗೆ ಟೈಮ್ ಕೊಡಿ.

ಮಣಿಪಾಲ_ಅಪ್ಪ
ಇಂಗ್ಲಿಷ್ ನಾನು.

ಬಂದರ್_ಬಾಯ್
ನಾಲ್ಕನೇ ಕ್ಲಾಸಿನ ಕನ್ನಡ ಕೊಡಿ ನನಗೆ. ನೀವು ಹೇಳಿದಷ್ಟು ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯುತ್ತೇನೆ, ಆಮೇಲೆ ಬೈಯಬಾರದು. ಒಂದು ಡೌಟು. ಪ್ರಾಣಿ ಕಥೆಗಳನ್ನೂ ಎಣಿಸಬೇಕಾ? ಈಗ ತೆಗೆದು ನೋಡಿದೆ, ಸಿಂಹ, ನರಿ, ಆನೆ ಎಲ್ಲ ಗಂಡೇ. ಹೆಣ್ಣು ಅಂತ ಒಂದು ಹಸು, ಒಂದು ಕೋಳಿ.

ಕೊಣಾಜೆ_ಎಂಎಸ್ಸಿ
ಎಣಿಸಿ. ಅದಕ್ಕೆ ಬೇರೆ ಕಾಲಂ ಹಾಕುತ್ತೇನೆ.